ಹಿಮದ ಮೇಲೆ ಮೊದಲ ಹೆಜ್ಜೆ: ಎಲ್ಲಿಗೆ ಹೋಗೋಣ? ಯಾವಾಗ ಹೋಗೋಣ?

ಅಡಿಕೆ ಕೊಯ್ಲಿನ ಗಡಿಬಿಡಿ ಇಳಿದು, ಜಾತ್ರೆ ನೇಮಗಳ ನಡುವೆ ನಾಲ್ಕು ದಿನ ಬಿಡುವು ಸಿಕ್ಕಿತೆಂದರೆ, ಊರಿನ ಮೂರು ನಾಲ್ಕು ಮನೆಯವರು ಸೇರಿ ದೂರದ ಪ್ರವಾಸಕ್ಕೆ ಹೊರಡುವುದು ನಮ್ಮ ಕಡೆಯ ಹಳೆಯ ವಾಡಿಕೆ. ಹಿಂದೆ ಈ ಪ್ರವಾಸ ಕಾಶಿ, ರಾಮೇಶ್ವರ ಎಂದಿರುತ್ತಿತ್ತು. ಈಗಿನ ಮಕ್ಕಳು ಹಿಮವನ್ನು ನೋಡಬೇಕೆನ್ನುತ್ತಾರೆ. ನೋಡಿದರೆ ಸಾಲದು, ಕಾಲಿಗೆ ಹಲಗೆ ಕಟ್ಟಿಕೊಂಡು ಅದರ ಮೇಲೆ ಜಾರಬೇಕೆನ್ನುತ್ತಾರೆ. ಸ್ಕೀಯಿಂಗ್ ಎಂದು ಕರೆಯಲ್ಪಡುವ ಈ ಹಿಮಜಾರಾಟಕ್ಕೆ ಸ್ವಿಟ್ಜರ್‌ಲ್ಯಾಂಡಿಗೇ ಹೋಗಬೇಕೆಂದಿಲ್ಲ. ನಮ್ಮ ಹಿಮಾಲಯದಲ್ಲೇ ಅನುಕೂಲಗಳಿವೆ. ಆದರೆ ಎಲ್ಲ ತಾಣಗಳೂ ಎಲ್ಲರಿಗೂ ಹೊಂದುವಂಥವಲ್ಲ.

ಹತ್ತು ಹನ್ನೆರಡು ಜನರ ತಂಡ. ಅದರಲ್ಲಿ ಹಿಮವನ್ನು ಮುಟ್ಟಿಯೇ ಗೊತ್ತಿಲ್ಲದವರೇ ಹೆಚ್ಚು. ಜೊತೆಗೆ ಒಬ್ಬರೋ ಇಬ್ಬರೋ ಅರುವತ್ತು ದಾಟಿದವರು. ಇಂಥ ತಂಡ ತಾಣವನ್ನು ಆರಿಸುವಾಗ ತಂಡದ ಗಟ್ಟಿಗನ ಆಸೆಯನ್ನು ನೋಡಬಾರದು, ತೀರಾ ಅಳುಕುವವರ ಶಕ್ತಿಯನ್ನು ನೋಡಬೇಕು. ಹಣ ಕೂಡಿಟ್ಟು ಎರಡು ಸಾವಿರ ಮೈಲಿ ಹೋಗಿ, ಅರ್ಧ ಜನ ಹೋಟೆಲಿನ ಕೋಣೆಯಲ್ಲಿ ಕುಳಿತು ಬರುವಂತಾದರೆ ಅದು ಪ್ರವಾಸವಲ್ಲ, ದಂಡ.

ಮೊದಲು ಪಂಚಾಂಗ, ಆಮೇಲೆ ಭೂಪಟ

ನಮಗೆ ಮಳೆ ತರುವುದು ನೈಋತ್ಯ ಮಾರುತ. ಹಿಮಾಲಯಕ್ಕೆ ಚಳಿಗಾಲದ ಹಿಮ ತರುವುದು ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಸಾಗಿಬರುವ ಪಶ್ಚಿಮದ ಹವಾಮಾನ ಕ್ಷೋಭೆಗಳು. ಡಿಸೆಂಬರಿನಿಂದ ಮಾರ್ಚಿನವರೆಗೆ ಇವು ಒಂದರ ಹಿಂದೊಂದು ಬರುತ್ತವೆ, ಕೆಲವು ವರ್ಷ ಕೈಕೊಡುತ್ತವೆ. ಮಾರ್ಚ್ ಕಳೆಯುತ್ತ ಬಿಸಿಲು ಚುರುಕಾಗಿ, ತಗ್ಗಿನ ಇಳಿಜಾರುಗಳ ಹಿಮ ಮೊದಲು ಕರಗುತ್ತದೆ, ಎತ್ತರದ್ದು ಕೊನೆಗೆ. ಹೊಸಬರು ಕಲಿಯುವುದು ತಗ್ಗಿನ ಇಳಿಜಾರಿನಲ್ಲೇ ಎಂಬುದು ಇಲ್ಲಿರುವ ತೊಡಕು. ಎತ್ತರದಲ್ಲಿ ಹಿಮ ಎಷ್ಟೇ ಇದ್ದರೂ ಅದು ನುರಿತವರ ಪಾಲು.

ನಮ್ಮ ಮಕ್ಕಳಿಗೆ ವಾರ್ಷಿಕ ಪರೀಕ್ಷೆ ಮಾರ್ಚಿನಲ್ಲಿ, ರಜೆ ಏಪ್ರಿಲ್ ಮೇ ತಿಂಗಳುಗಳಲ್ಲಿ. ಬಿಸುಕಣಿ ಇಟ್ಟು ಮರುದಿನ ಹೊರಡೋಣವೆಂದರೆ, ಅಷ್ಟರಲ್ಲಿ ಕಲಿಯುವವರ ಇಳಿಜಾರುಗಳಲ್ಲಿ ಹುಲ್ಲು ಕಾಣಿಸಿಕೊಳ್ಳತೊಡಗಿರುತ್ತದೆ. ಆಗ ಹಿಮ ನೋಡಬಹುದು, ಹಿಮದುಂಡೆ ಎಸೆದಾಡಬಹುದು. ಆದರೆ ಸ್ಕೀಯಿಂಗ್ ಕಲಿಯುತ್ತೇವೆಂದು ನಂಬಿ ಹೋಗಬಾರದು. ಕಲಿಯಲೇಬೇಕೆಂದಿರುವ ತಂಡಕ್ಕೆ ಫೆಬ್ರವರಿಯ ಕೊನೆಯ ವಾರದಿಂದ ಮಾರ್ಚಿನ ಮೊದಲ ಹತ್ತು ದಿನಗಳವರೆಗಿನ ಅವಧಿ ಯೋಗ್ಯ. ಎಸ್.ಎಸ್.ಎಲ್.ಸಿ. ಮತ್ತು ಪ್ಲಸ್ ಟು ಮಕ್ಕಳಿರುವ ಮನೆಯವರು ಆ ವರ್ಷ ಬಿಟ್ಟು ಮುಂದಿನ ವರ್ಷ ಹೋಗುವುದೇ ಲೇಸು.

ಗುಲ್ಮಾರ್ಗ

ಶ್ರೀನಗರದಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಬಾರಾಮುಲ್ಲಾ ಜಿಲ್ಲೆಯಲ್ಲಿ, ಬೋಗುಣಿಯಂತಿರುವ ವಿಶಾಲವಾದ ಹುಲ್ಲುಗಾವಲು ಗುಲ್ಮಾರ್ಗ. ಎತ್ತರ ಸುಮಾರು 2,650 ಮೀಟರ್. ದಕ್ಷಿಣ ಭಾರತದಲ್ಲೇ ಎತ್ತರವಾದ ನಮ್ಮ ಆನಮುಡಿ 2,695 ಮೀಟರ್ ಎಂದರೆ, ಅಲ್ಲಿನ ಬಯಲೇ ಇಲ್ಲಿನ ಶಿಖರಕ್ಕೆ ಸಮ ಎಂದಾಯಿತು.

ಹೊಸಬರಿಗೆ ಈ ತಾಣ ಒಪ್ಪುವುದಕ್ಕೆ ಕಾರಣ ಈ ಬಯಲೇ. ಬೇಸಿಗೆಯಲ್ಲಿ ಗಾಲ್ಫ್ ಮೈದಾನವಾಗಿರುವ ಜಾಗದ ಅಂಚಿನಲ್ಲಿ ಸಣ್ಣ ಸಣ್ಣ ಮೃದುವಾದ ಇಳಿಜಾರುಗಳಿವೆ. ಬಿದ್ದರೂ ಉರುಳಿಕೊಂಡು ಹೋಗಿ ಸಮತಟ್ಟಿನಲ್ಲಿ ನಿಲ್ಲುತ್ತೇವೆ. ಇಲ್ಲಿ ಕಲಿಯುವುದಕ್ಕೆ ಪ್ರಸಿದ್ಧವಾದ ಗೊಂಡೋಲಾ ತೊಟ್ಟಿಲು ಏರಬೇಕೆಂದಿಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಧೀನದಲ್ಲಿರುವ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯೂ ಇಲ್ಲೇ ಇದೆ. ಶಾಲಾ ಕಾಲೇಜುಗಳ ತಂಡಗಳು ಮೊದಲೇ ಬರೆದು ವಿಚಾರಿಸಿದರೆ ಅದರ ತರಗತಿಗಳ ವಿವರ ಸಿಗುತ್ತದೆ.

ಗೊಂಡೋಲಾದ ಮೊದಲ ಹಂತ 1998ರಲ್ಲಿ ಆರಂಭವಾಯಿತು. ಅದು ಕೊಂಗಡೂರಿಯವರೆಗೆ, ಎಂದರೆ 3,000 ಮೀಟರಿಗೂ ಮೇಲಕ್ಕೆ ಒಯ್ಯುತ್ತದೆ. 2005ರಲ್ಲಿ ಆರಂಭವಾದ ಎರಡನೆಯ ಹಂತ ಅಫರ್ವಟ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರಿಗೆ ಮುಟ್ಟಿಸುತ್ತದೆ. ಹೊಸಬರು ಮತ್ತು ಹಿರಿಯರು ಮೊದಲ ಹಂತದವರೆಗೆ ಹೋಗಿ ನೋಟ ನೋಡಿ ಬರಬಹುದು. ಎರಡನೆಯ ಹಂತದಲ್ಲಿ ಗಾಳಿ ತೆಳುವಾಗಿ ತಲೆನೋವು, ಏದುಸಿರು, ವಾಕರಿಕೆ ಬರುವುದುಂಟು. ಹೃದಯ ಅಥವಾ ಶ್ವಾಸಕೋಶದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಅಲ್ಲಿಗೆ ಹತ್ತಲೇಬಾರದು.

ಅಫರ್ವಟ್ ಬೆಟ್ಟದ ಇಳಿಜಾರು ಜಗತ್ತಿನ ನುರಿತ ಸ್ಕೀ ಪಟುಗಳನ್ನು ಸೆಳೆಯುತ್ತದೆ, ಜೀವವನ್ನೂ ಕೇಳುತ್ತದೆ. 2023ರ ಫೆಬ್ರವರಿ 1ರಂದು ಅಲ್ಲಿ ಹಿಮಪಾತ ಕುಸಿದು ಪೋಲೆಂಡಿನ ಇಬ್ಬರು, 2024ರ ಫೆಬ್ರವರಿ 22ರಂದು ರಷ್ಯಾದ ಒಬ್ಬರು ಮೃತರಾದರು. ಗುರುತು ಹಾಕಿದ ಹಾದಿ ಬಿಟ್ಟು ಹೋಗುವ ಕಡೆಗಳಲ್ಲಿ ಈ ಭಯ ಸದಾ ಇರುವಂಥದ್ದು. ತಂಡದ ಯುವಕರು ಎರಡು ದಿನ ಕಲಿತ ಹುಮ್ಮಸ್ಸಿನಲ್ಲಿ ಮೇಲೆ ಹೋಗುತ್ತೇವೆಂದರೆ ಹಿರಿಯರು ಕಟ್ಟುನಿಟ್ಟಾಗಿ ಬೇಡವೆನ್ನಬೇಕು.

ಔಲಿ

ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ಜೋಶಿಮಠದ ಮೇಲಿರುವ ಔಲಿ ಸುಮಾರು 2,500ರಿಂದ 3,050 ಮೀಟರ್ ಎತ್ತರದಲ್ಲಿದೆ. ನಂದಾದೇವಿ ಶಿಖರ ಎದುರಿಗೇ ನಿಂತಂತೆ ಕಾಣುತ್ತದೆ. ಗಢವಾಲ್ ಮಂಡಲ ವಿಕಾಸ ನಿಗಮ ಇಲ್ಲಿ ಒಂದು ವಾರದ ಮತ್ತು ಎರಡು ವಾರದ ತರಗತಿಗಳನ್ನು ನಡೆಸುತ್ತ ಬಂದಿದೆ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಪರ್ಧೆಗಳು ಇಲ್ಲಿ ನಡೆದಿದ್ದವು.

ನಮ್ಮ ಹಿರಿಯರಿಗೆ ಈ ಹಾದಿ ಹೊಸದಲ್ಲ. ಶಂಕರಾಚಾರ್ಯರ ಜ್ಯೋತಿರ್ಮಠ ಇಲ್ಲಿಯದು. ಕೇರಳದಿಂದ ಹೋದ ನಂಬೂದಿರಿ ರಾವಲರು ಪೂಜೆ ಮಾಡುವ ಬದರೀನಾಥಕ್ಕೂ ಇದೇ ದಾರಿ. ಚಳಿಗಾಲದಲ್ಲಿ ಬದರಿಯ ಬಾಗಿಲು ಮುಚ್ಚಿರುತ್ತದೆ. ಮಕ್ಕಳು ಹಿಮದಲ್ಲಿ ಆಡುವಾಗ ಅಜ್ಜ ಅಜ್ಜಿಯರು ಜೋಶಿಮಠದ ನರಸಿಂಹ ದೇವಸ್ಥಾನಕ್ಕೆ ಹೋಗಿ ಬರಬಹುದು.

ಆದರೆ ಎರಡು ಅಡಚಣೆಗಳಿವೆ. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದು ಎಂಟುನೂರಕ್ಕೂ ಮಿಕ್ಕಿದ ಕಟ್ಟಡಗಳು ಬಿರುಕು ಬಿಟ್ಟವು. ಪಟ್ಟಣದಿಂದ ಔಲಿಗೆ ಹೋಗುವ ನಾಲ್ಕು ಕಿಲೋಮೀಟರಿನ ಹಗ್ಗದಾರಿಯನ್ನು ಆಗ ನಿಲ್ಲಿಸಲಾಯಿತು. ಜಾಹೀರಾತಿನ ಚಿತ್ರದಲ್ಲಿ ಆ ಹಗ್ಗದಾರಿ ಈಗಲೂ ಕಾಣಿಸುತ್ತದೆ. ಅದನ್ನು ನಂಬದೆ, ಮೇಲೆ ಹೋಗುವ ವ್ಯವಸ್ಥೆ ಏನೆಂದು ಕೇಳಿ ತಿಳಿಯಬೇಕು. ಎರಡನೆಯದು ಹಿಮದ ಕೊರತೆ. 2023ರ ಫೆಬ್ರವರಿಯಲ್ಲಿ ಗೊತ್ತುಮಾಡಿದ್ದ ರಾಷ್ಟ್ರೀಯ ಸ್ಪರ್ಧೆಯನ್ನೇ ಹಿಮವಿಲ್ಲದೆ ಕೈಬಿಡಬೇಕಾಯಿತು. ಋಷಿಕೇಶದಿಂದ ಸುಮಾರು 250 ಕಿಲೋಮೀಟರ್ ಬೆಟ್ಟದ ತಿರುವುಗಳಲ್ಲಿ ಇಡೀ ದಿನ ಬಸ್ಸಿನಲ್ಲಿ ಕುಳಿತು ಹೋಗಬೇಕೆಂಬುದನ್ನೂ ನೆನಪಿಡಬೇಕು. ಒಂದು ವಾರ ಬಿಡುವಿರುವ ಕಾಲೇಜು ಹುಡುಗರು ಜನವರಿ ಫೆಬ್ರವರಿಯಲ್ಲಿ ಹೋಗುವುದಾದರೆ ಔಲಿ ಒಳ್ಳೆಯದು. ಮಾರ್ಚಿನ ಕುಟುಂಬ ತಂಡಕ್ಕೆ ಅಷ್ಟು ಹೊಂದದು.

ಸೋಲಂಗ್

ಹಿಮಾಚಲದ ಮನಾಲಿಯಿಂದ ಹದಿಮೂರು ಹದಿನಾಲ್ಕು ಕಿಲೋಮೀಟರ್ ದೂರದ ಸೋಲಂಗ್ ಕಣಿವೆಯ ಎತ್ತರ ಸುಮಾರು 2,500 ಮೀಟರ್. ಸ್ಕೀಯಿಂಗನ್ನು ಒಂದು ದಿನ ರುಚಿ ನೋಡಿ, ಉಳಿದ ದಿನಗಳನ್ನು ಊರು ನೋಡುವುದರಲ್ಲಿ ಕಳೆಯುವವರಿಗೆ ಇದು ಸುಲಭ. ಆದರೆ ಮಾರ್ಚಿನಲ್ಲಿ ಹಿಮ ಬೇಗ ತೆಳುವಾಗುತ್ತದೆ, ಜನಸಂದಣಿಯೂ ಹೆಚ್ಚು. 2020ರ ಅಕ್ಟೋಬರಿನಲ್ಲಿ ತೆರೆದ ಒಂಬತ್ತು ಕಿಲೋಮೀಟರಿನ ಅಟಲ್ ಸುರಂಗದ ಮೂಲಕ ಲಾಹೌಲ್ ಕಡೆಗೆ ದಾಟಿದರೆ ಹಿಮ ಕಾಣಸಿಗುತ್ತದೆ. ಕ್ರಮವಾಗಿ ಕಲಿಯಬೇಕೆನ್ನುವ ತರುಣರಿಗೆ ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಯ ಚಳಿಗಾಲದ ತರಗತಿಗಳಿವೆ.

ಹಾಗಾದರೆ ಯಾವುದು?

ನಾವು ಹೇಳಿದಂಥ ತಂಡಕ್ಕೆ, ಮಾರ್ಚಿನ ಆದಿಯಲ್ಲಿ, ಗುಲ್ಮಾರ್ಗವೇ ಸರಿ. ಎತ್ತರದಿಂದಾಗಿ ಹಿಮದ ನಿರೀಕ್ಷೆ ಹೆಚ್ಚು. ಕಲಿಯುವ ಜಾಗ ಹೋಟೆಲುಗಳಿಗೆ ಹತ್ತಿರ. ಜಾರಲು ಮನಸ್ಸಿಲ್ಲದವರಿಗೆ ಗೊಂಡೋಲಾ ಇದೆ, ನಡೆದಾಡಲು ಬಯಲಿದೆ. ಹಾಗೆಂದು ಅಲ್ಲಿಯೂ ಖಾತರಿಯೆಂಬುದಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ ಹಿಮವಿಲ್ಲದೆ ಬರಡಾಗಿತ್ತು. 2025ರ ಫೆಬ್ರವರಿಯಲ್ಲಿ ನಡೆಯಬೇಕಾಗಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಹಿಮದ ಕೊರತೆಯಿಂದ ಮುಂದೂಡಲ್ಪಟ್ಟು ಮಾರ್ಚ್ 9ರಿಂದ ನಡೆಯಿತು. ಆದುದರಿಂದ ಹೋಟೆಲಿನವರಿಗೆ ಪೂರ್ತಿ ಹಣ ಕೊಡುವ ಮೊದಲು, ಹಿಮವಿಲ್ಲದಿದ್ದರೆ ದಿನ ಬದಲಿಸಬಹುದೇ ಎಂದು ಕೇಳಿ ಬರಹದಲ್ಲಿ ಪಡೆಯಬೇಕು.

ಕಾಶ್ಮೀರದ ಮಾತು ಬಂದಾಗ ಮನೆಯಲ್ಲಿ ಆತಂಕವೂ ಬರುತ್ತದೆ. 2025ರ ಏಪ್ರಿಲ್ 22ರ ಪಹಲ್ಗಾಮ್ ಹತ್ಯಾಕಾಂಡದ ನಂತರ ಅಲ್ಲಿನ ಹಲವು ಪ್ರವಾಸಿ ತಾಣಗಳನ್ನು ಕೆಲಕಾಲ ಮುಚ್ಚಲಾಗಿತ್ತು. ಹೊರಡುವ ಮುನ್ನ ಸರಕಾರದ ಸೂಚನೆಗಳನ್ನು ನೋಡಿಕೊಂಡು, ಮನೆಯ ಎಲ್ಲರೂ ಒಪ್ಪಿದರೆ ಮಾತ್ರ ಹೊರಡಬೇಕು. ಒಬ್ಬರು ಅಂಜುತ್ತಿದ್ದರೂ ಒತ್ತಾಯ ಸಲ್ಲದು.

ದಾರಿ ಮತ್ತು ತಯಾರಿ

ಕಾಸರಗೋಡಿನಿಂದ ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ದಿಲ್ಲಿ ಸೇರಿ, ಅಲ್ಲಿಂದ ವಿಮಾನದಲ್ಲಿ ಶ್ರೀನಗರಕ್ಕೆ ಹೋಗುವುದು ಒಂದು ದಾರಿ. 2025ರ ಜೂನಿನಲ್ಲಿ ಕತ್ರಾ ಮತ್ತು ಶ್ರೀನಗರದ ನಡುವೆ ವಂದೇ ಭಾರತ್ ರೈಲು ಆರಂಭವಾದುದರಿಂದ ನೆಲದ ಮೇಲೆಯೇ ಕಾಶ್ಮೀರ ತಲುಪುವ ದಾರಿಯೂ ತೆರೆದಿದೆ. ಗುಲ್ಮಾರ್ಗದ ಬುಡದ ತಂಗ್‌ಮಾರ್ಗಿನಲ್ಲಿ ದಪ್ಪ ಕೋಟು, ರಬ್ಬರ್ ಬೂಟುಗಳು ಬಾಡಿಗೆಗೆ ದೊರೆಯುತ್ತವೆ. ಒಂದು ವಾರಕ್ಕಾಗಿ ಊರಿನಲ್ಲೇ ದುಬಾರಿ ಕೋಟು ಕೊಳ್ಳುವ ಅಗತ್ಯವಿಲ್ಲ. ಒಳಗೆ ಮಾತ್ರ ಹತ್ತಿಯ ಬನಿಯನ್ ಬೇಡ. ಬೆವರಿಗೆ ಒದ್ದೆಯಾದರೆ ಒಣಗದೆ ಚಳಿ ಹಿಡಿಯುತ್ತದೆ. ಉಣ್ಣೆಯದ್ದು ಬೇಕು. ಹೊರ ರಾಜ್ಯದ ಪ್ರೀಪೇಯ್ಡ್ ಮೊಬೈಲ್ ಸಂಪರ್ಕ ಜಮ್ಮು ಕಾಶ್ಮೀರದಲ್ಲಿ ನಡೆಯುವುದಿಲ್ಲ. ತಂಡದ ಇಬ್ಬರಲ್ಲಾದರೂ ಪೋಸ್ಟ್‌ಪೇಯ್ಡ್ ಇರಲಿ.

ಹಿಮದ ಮೇಲಿನ ಬಿಸಿಲು ನಮ್ಮ ಕಡಲಕರೆಯ ಬಿಸಿಲಿಗಿಂತ ಮೋಸದ್ದು. ಚಳಿಯಿರುವುದರಿಂದ ಸುಡುವುದು ಗೊತ್ತಾಗದು. ಹೊಸ ಹಿಮ ಸೂರ್ಯನ ಅತಿನೇರಳೆ ಕಿರಣಗಳನ್ನು ನೂರಕ್ಕೆ 80ರಷ್ಟು ಹಿಂದಕ್ಕೆ ಎರಚುತ್ತದೆ. ಕಪ್ಪು ಕನ್ನಡಕ, ಮುಖಕ್ಕೆ ಹಚ್ಚುವ ಮುಲಾಮು ಎಲ್ಲರಿಗೂ ಕಡ್ಡಾಯ.

ಕಲಿಯುವ ಮೂರು ದಿನ

ಕನಿಷ್ಠ ಮೂರು ದಿನ ಮೀಸಲಿಡಬೇಕು. ಮೊದಲ ದಿನ ಬೀಳುವುದು ಮತ್ತು ಏಳುವುದು, ಎರಡನೆಯ ದಿನ ನಿಲ್ಲುವುದು, ಮೂರನೆಯ ದಿನ ತಿರುಗುವುದು. ಹಲಗೆಗಳ ಮುಂತುದಿಗಳನ್ನು ಹತ್ತಿರ ತಂದು ಹಿಂತುದಿಗಳನ್ನು ಅಗಲಿಸಿದರೆ ವೇಗ ತಗ್ಗುತ್ತದೆ. ಇದು ಹೊಸಬರ ಬ್ರೇಕು. ಹೆದರಿದಾಗ ಮೈ ಹಿಂದಕ್ಕೆ ವಾಲುವುದು ಸಹಜ, ಆದರೆ ಹಿಂದಕ್ಕೆ ವಾಲಿದಷ್ಟೂ ಹಲಗೆ ಹಿಡಿತ ತಪ್ಪಿ ಓಡುತ್ತದೆ. ಮೊಣಕಾಲು ಬಗ್ಗಿಸಿ ಮುಂದಕ್ಕೆ ವಾಲಬೇಕು. ಬೀಳಲೇಬೇಕಾದರೆ ಪಕ್ಕಕ್ಕೆ ಬೀಳಬೇಕು.

ವಸಂತದ ಹಿಮಕ್ಕೆ ದಿನದೊಳಗೇ ಮೂರು ಗುಣ. ಮುಂಜಾನೆ ಹೆಪ್ಪುಗಟ್ಟಿ ಗಾಜಿನಂತಿರುತ್ತದೆ. ಹತ್ತು ಗಂಟೆಯ ಮೇಲೆ ಮೆತ್ತಗಾಗುತ್ತದೆ. ಮಧ್ಯಾಹ್ನದ ಮೇಲೆ ನೀರಾಗಿ ಹಲಗೆಯನ್ನು ಹಿಡಿದೆಳೆಯುತ್ತದೆ. ಮೊಣಕಾಲು ತಿರುಚುವ ಭಯ ಈ ಮೂರನೆಯ ಹೊತ್ತಿನಲ್ಲಿ, ದಣಿದ ಕಾಲಿಗೆ. ಹತ್ತರಿಂದ ಒಂದರವರೆಗೆ ಕಲಿತು ಊಟಕ್ಕೆ ಮರಳುವುದು ಬುದ್ಧಿವಂತಿಕೆ.

ಬಾಡಿಗೆಯ ಸಾಮಾನು ಪಡೆಯುವಾಗ ಬೂಟು ಹಿಮ್ಮಡಿಯನ್ನು ಬಿಗಿಯಾಗಿ ಹಿಡಿದಿದೆಯೇ ನೋಡಬೇಕು. ಬಿದ್ದಾಗ ಬೂಟನ್ನು ಹಲಗೆಯಿಂದ ಬಿಡಿಸುವ ಕೊಂಡಿಯನ್ನು ಅವರವರ ತೂಕಕ್ಕೆ ಹೊಂದಿಸಿಕೊಡುವಂತೆ ಕೇಳಬೇಕು. ಕೊಂಡಿ ಬಿಡದಿದ್ದರೆ ಮುರಿಯುವುದು ಕಾಲು. ಗುರುತುಪತ್ರವಿರುವ ತರಬೇತುದಾರರನ್ನೇ ಗೊತ್ತುಮಾಡಬೇಕು. ಒಬ್ಬರಿಗೆ ನಾಲ್ಕೈದು ಕಲಿಯುವವರಿಗಿಂತ ಹೆಚ್ಚು ಬೇಡ, ಗಂಟೆ ಎಷ್ಟು, ಹಣ ಎಷ್ಟು ಎಂಬುದು ಮೊದಲೇ ತೀರ್ಮಾನವಾಗಲಿ. ಪಾಠ ನಡೆಯುವುದು ಹಿಂದಿ ಅಥವಾ ಇಂಗ್ಲಿಷಿನಲ್ಲಿ. ಕನ್ನಡ, ತುಳು, ಮಲೆಯಾಳ ಮಾತ್ರ ಬಲ್ಲ ಅಮ್ಮಂದಿರ ಪಕ್ಕದಲ್ಲಿ ಹಿಂದಿ ಬಲ್ಲ ಮಕ್ಕಳೊಬ್ಬರು ನಿಲ್ಲಬೇಕು. ‘ನಿಲ್ಲಿ’ ಎಂದದ್ದು ತಿಳಿಯದೆ ಹೋದರೆ ಪಾಠ ನಿಷ್ಫಲ.

ರಜೆಯಲ್ಲೇ ಹೋಗಬೇಕಾದವರಿಗೆ

ಏಪ್ರಿಲ್ ಬಿಟ್ಟರೆ ಬೇರೆ ದಾರಿಯಿಲ್ಲದವರು ಸ್ಕೀಯಿಂಗಿನ ಆಸೆಯನ್ನು ಬದಿಗಿಟ್ಟು, ಗೊಂಡೋಲಾದ ಮೊದಲ ಹಂತದಲ್ಲಿ ಉಳಿದ ಹಿಮವನ್ನು ಕಂಡು ಬರಲಿ. ಗಲ್ಫಿನಲ್ಲಿ ಬಂಧುಗಳಿರುವ ಮನೆಗಳಿಗೆ ಇನ್ನೊಂದು ಉಪಾಯವಿದೆ. ದುಬಾಯಿಯಲ್ಲಿ 2005ರಲ್ಲಿ ತೆರೆದ ಸ್ಕೀ ದುಬೈ ಎಂಬ ಒಳಾಂಗಣ ತಾಣದಲ್ಲಿ ವರ್ಷವಿಡೀ ಹಿಮವಿರುತ್ತದೆ, ಹೊಸಬರಿಗೆ ಪಾಠವೂ ಇದೆ. ಅತಿ ಉದ್ದದ ಇಳಿಜಾರು 400 ಮೀಟರ್. ಬೆಟ್ಟದ ನೋಟ ಅಲ್ಲಿ ಸಿಗದು, ಆದರೆ ನಿಲ್ಲುವುದನ್ನು ಕಲಿಯಲು ಅಷ್ಟು ಧಾರಾಳ ಸಾಕು.

ಕರಾವಳಿಯ ನಮಗೆ ಹಿಮದ ಆಟ ಒಗ್ಗುವುದೇ ಎಂಬ ಸಂಕೋಚ ಬೇಡ. 2025ರ ಮಾರ್ಚಿನಲ್ಲಿ ಗುಲ್ಮಾರ್ಗದ ಆ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು ನಮ್ಮ ಪಕ್ಕದ ಕೊಡಗಿನ ಭವಾನಿ ತೆಕ್ಕಡ ನಂಜುಂಡ. ಹಿಮವೇ ಬೀಳದ ನಾಡಿನಿಂದ ಹೋದವರು ಅಷ್ಟು ಸಾಧಿಸಬಹುದಾದರೆ, ಮೂರು ದಿನದಲ್ಲಿ ನೆಟ್ಟಗೆ ನಿಂತು ಇಳಿದು ಬರುವಷ್ಟು ನಮ್ಮ ಮನೆಯವರಿಗೂ ಬಂದೀತು. ಸಮಯ ನೋಡಿ, ಜಾಗ ನೋಡಿ, ತಂಡದ ಹಿರಿಯರ ಮತ್ತು ಕಿರಿಯರ ಮುಖ ನೋಡಿ ಟಿಕೆಟ್ ತೆಗೆಯಿರಿ.