ಪಹಣಿ ಮಗನ ಹೆಸರಿಗೆ, ಅಜ್ಜಿಯ ಗತಿ?

ಪಹಣಿ ಮಗನ ಹೆಸರಿಗಾಯ್ತು. ಅಜ್ಜಿಯ ತಟ್ಟೆಗೆ ಮುದ್ದೆ ಬೀಳೋದು ನಿಂತಿತು. ಇಂಥ ಮಾತು ನಿಮ್ಮೂರ ಜಗಲಿಯಲ್ಲೂ ಕೇಳಿರ್ತೀರಿ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಿರಿಯರೇ, ನಿಮ್ಮ ದೂರು ಕೇಳೋ ನ್ಯಾಯಮಂಡಳಿ ಇರೋದು ತುಮಕೂರಿನಲ್ಲಲ್ಲ, ಮಧುಗಿರಿಯಲ್ಲಿ. ಉಪವಿಭಾಗಾಧಿಕಾರಿ, ಅಂದ್ರೆ ಎಸಿ ಸಾಹೇಬರೇ ಅದರ ಅಧ್ಯಕ್ಷರು. ಹೆತ್ತವರು, ಹಿರಿಯ ನಾಗರಿಕರ ಪಾಲನೆಗೆ ಇರೋ 2007ರ ಕಾಯ್ದೆ ಪ್ರಕಾರ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಓಡಾಡೋಕೆ ಆಗದವರ ಪರವಾಗಿ ಬೇರೆಯವರೂ ಅರ್ಜಿ ಹಾಕಬಹುದು.

ಜಮೀನಿನ ವಿಷಯ ಮಾತ್ರ ಗಮನವಿಟ್ಟು ಕೇಳಿ. ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ದಾನಪತ್ರ ಬರೆದು, ಆಮೇಲೆ ಮಕ್ಕಳು ಕೈಬಿಟ್ಟರೆ, ಅದೇ ಕಾಯ್ದೆಯ ಸೆಕ್ಷನ್ 23ರಡಿ ಅದನ್ನು ರದ್ದು ಮಾಡಿಸಬಹುದು. ಆದ್ರೆ ಆ ಷರತ್ತು ಇತ್ತು ಅಂತ ತೋರಿಸಲೇಬೇಕು. 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಬಾಯಿಮಾತು ನಂಬಿ ಹೆಬ್ಬೆಟ್ಟು ಒತ್ತಿದವರು ಸೋಲೋದು ಇಲ್ಲೇ. ಸಂಕಟದ ಸಂಗತಿ. ಅದಕ್ಕೇ, ಸಬ್ ರಿಜಿಸ್ಟ್ರಾರ್ ಕಚೇರಿ ಮೆಟ್ಟಿಲು ಹತ್ತೋ ಮೊದಲು ಪತ್ರದಲ್ಲಿ ಆ ಒಂದು ಸಾಲು ಬರೆಸಿ.

ಮಹಿಳೆಯರಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿರೋರಿಗೆ ಆದಾಯ ನೋಡದೆ ಸರ್ಕಾರವೇ ವಕೀಲರನ್ನು ಕೊಡುತ್ತೆ: 15100ಕ್ಕೆ ಕರೆ ಮಾಡಿ. ಹಿರಿಯರ ಸಹಾಯವಾಣಿ 14567. ಎರಡೂ ನಂಬರನ್ನು ಮನೆಯ ಕ್ಯಾಲೆಂಡರ್ ಮೇಲೆ ಅಜ್ಜಿಗೆ ಕಾಣೋ ಹಾಗೆ ದಪ್ಪಗೆ ಬರೆದಿಡಿ.