ಬಟ್ಟೆ, ರೇಷ್ಮೆ, ಚರ್ಮದ ಮೇಲೆ ಕಾಮಾಸಕ್ತಿ: ಇದು ಹುಚ್ಚೇ, ಕಾಯಿಲೆಯೇ, ಅಪರಾಧವೇ?

ಹೊರಗೆ ಒಣಹಾಕಿದ ಒಳಉಡುಪನ್ನು ಯಾರೋ ಕದ್ದೊಯ್ಯುವ ಸಿಸಿಟಿವಿ ದೃಶ್ಯ. ಅದರ ಜೊತೆಗೆ ‘ಇಂಥ ಸೈಕೋಗಳು ನಿಮ್ಮ ಬೀದಿಯಲ್ಲೂ ಇದ್ದಾರೆ, ಎಚ್ಚರ’ ಎಂಬ ಒಕ್ಕಣೆ. ಇಂಥ ವಿಡಿಯೊಗಳು ವಾಟ್ಸ್ಆ್ಯಪ್ ಗುಂಪುಗಳಿಗೆ ಆಗಾಗ ಬರುತ್ತವೆ. ಅವುಗಳ ಕೆಳಗಿನ ಮಾತುಗಳೂ ಹೆಚ್ಚುಕಡಿಮೆ ಒಂದೇ ತೆರ: ‘ಇದು ಹುಚ್ಚು’, ‘ಇಂಥವರು ಮುಂದೆ ಅತ್ಯಾಚಾರ ಮಾಡುತ್ತಾರೆ’, ‘ಮದುವೆ ಮಾಡಿ, ಸರಿಹೋಗುತ್ತಾನೆ’.

ಕದಿಯುವುದು ಅಪರಾಧ. ಅದರಲ್ಲಿ ಎರಡು ಮಾತಿಲ್ಲ. ಆದರೆ ಮನಸ್ಸಿನಲ್ಲಿರುವ ಆಸಕ್ತಿಯೇ ಬೇರೆ, ಕೈಯಾರೆ ಮಾಡಿದ ಕೆಲಸವೇ ಬೇರೆ. ಇವೆರಡನ್ನೂ ಕಲಸಿಬಿಟ್ಟರೆ ಯಾರಿಗೂ ಕೇಡು ಮಾಡದವರು ನಾಚಿಕೆಯಲ್ಲಿ ಕೊರಗುತ್ತಾರೆ, ನಿಜವಾಗಿ ಸಹಾಯ ಬೇಕಾದವರು ವೈದ್ಯರ ಬಳಿಗೆ ಹೋಗುವುದೇ ಇಲ್ಲ.

ಫೆಟಿಶ್ ಎಂದರೇನು?

ನಿರ್ಜೀವ ವಸ್ತುವೊಂದರ ಮೇಲೆ ಅಥವಾ ಜನನಾಂಗವಲ್ಲದ ದೇಹಭಾಗದ ಮೇಲೆ ಗಟ್ಟಿಯಾದ ಕಾಮಾಸಕ್ತಿ ಇದ್ದರೆ ಅದನ್ನು ಫೆಟಿಶ್ ಎನ್ನುತ್ತಾರೆ. ಆ ವಸ್ತು ಬೂಟು, ಕಾಲುಚೀಲ, ಒಳಉಡುಪು ಆಗಿರಬಹುದು. ಕೆಲವರಿಗೆ ಉಡುಪಿಗಿಂತ ಅದರ ವಸ್ತುವೇ ಮುಖ್ಯ: ರೇಷ್ಮೆಯ ನುಣುಪು, ಚರ್ಮದ ವಾಸನೆ, ರಬ್ಬರಿನ ಬಿಗಿತ.

ಪೋರ್ಚುಗೀಸರು ತಾಯಿತ, ಮಂತ್ರಿಸಿದ ವಸ್ತುಗಳಿಗೆ ಬಳಸುತ್ತಿದ್ದ ಪದದಿಂದ ಈ ಹೆಸರು ಬಂದಿದೆ. 1887ರಲ್ಲಿ ಫ್ರಾನ್ಸಿನ ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ ಇದನ್ನು ಪ್ರೇಮ-ಕಾಮದ ವಿಷಯಕ್ಕೆ ಬಳಸಿದರು. ಮುಂದೆ ಬುದ್ಧಿಮತ್ತೆ ಪರೀಕ್ಷೆಯಿಂದ ಹೆಸರಾದವರೂ ಇವರೇ.

ಇದು ಗಂಡಸರಿಗೆ ಮಾತ್ರ ಇರುವುದು ಎಂಬುದೂ ಸರಿಯಲ್ಲ. ಪುರುಷರಲ್ಲಿ ಹೆಚ್ಚಾಗಿ ಕಂಡುಬರುತ್ತದೆ, ನಿಜ. ಆದರೆ ಫ್ರಾನ್ಸಿನ ಮನೋವೈದ್ಯ ಕ್ಲೆರಾಂಬೋ 1908ರಲ್ಲೇ ರೇಷ್ಮೆಯ ಸ್ಪರ್ಶದಿಂದ ಉದ್ರೇಕಗೊಳ್ಳುತ್ತಿದ್ದ ಮಹಿಳೆಯರ ಬಗ್ಗೆ ಬರೆದಿದ್ದರು. ಅವರು ರೇಷ್ಮೆ ಕದ್ದು ಸಿಕ್ಕಿಬಿದ್ದವರು. ಸಿಕ್ಕಿಬಿದ್ದವರಷ್ಟೇ ದಾಖಲೆಗೆ ಬರುತ್ತಾರೆ, ಸುಮ್ಮನೆ ಮನೆಯಲ್ಲಿರುವವರು ಬರುವುದಿಲ್ಲ. ಫಾರ್ವರ್ಡ್ ವಿಡಿಯೊಗಳ ತೊಂದರೆಯೂ ಇದೇ.

ಇದು ಅಷ್ಟು ಅಪರೂಪವೇ?

ಅಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1,040 ವಯಸ್ಕರನ್ನು ಕೇಳಿ ನಡೆಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ವೈದ್ಯಕೀಯ ಪುಸ್ತಕಗಳು ‘ಅಸಾಮಾನ್ಯ’ ಎಂದು ಪಟ್ಟಿ ಮಾಡಿರುವ ಆಸಕ್ತಿಗಳಲ್ಲಿ ಕನಿಷ್ಠ ಒಂದಾದರೂ ತಮಗಿದೆ ಎಂದು ಸುಮಾರು ಅರ್ಧದಷ್ಟು ಮಂದಿ ಹೇಳಿದರು. ಫೆಟಿಶ್ ಕೂಡ, ‘ಅಸಾಮಾನ್ಯ’ ಎನ್ನಲು ಬಳಸುವ ಲೆಕ್ಕಾಚಾರದ ಮಿತಿಯನ್ನು ದಾಟಿತ್ತು. ಅದು ಅಲ್ಲಿನ ಲೆಕ್ಕ, ನಮ್ಮಲ್ಲೂ ಅಷ್ಟೇ ಎಂದು ಹೇಳಲಾಗದು. ಆದರೆ ‘ಲಕ್ಷಕ್ಕೊಬ್ಬ ಸೈಕೋ’ ಎಂಬ ಮಾತು ನಿಲ್ಲುವುದಿಲ್ಲ.

ಯಾಕೆ ಹೀಗಾಗುತ್ತದೆ?

ಒಂದೇ ಕಾರಣವನ್ನು ವಿಜ್ಞಾನ ಒಪ್ಪಿಲ್ಲ. ಸಾಮಾನ್ಯವಾಗಿ ಇದು ಹದಿಹರೆಯದಲ್ಲಿ, ಕೆಲವೊಮ್ಮೆ ಅದಕ್ಕೂ ಮೊದಲೇ ಶುರುವಾಗುತ್ತದೆ. ಯಾರೂ ಬೇಕೆಂದು ಆರಿಸಿಕೊಂಡದ್ದಲ್ಲ.

ಒಂದು ವಿವರಣೆ ಕಲಿಕೆಯದು. ಗಂಟೆ ಸದ್ದಿಗೆ ನಾಯಿಯ ಬಾಯಲ್ಲಿ ನೀರೂರಿದ ಪಾವ್ಲೋವ್‌ನ ಪ್ರಯೋಗವನ್ನು ಶಾಲೆಯಲ್ಲಿ ಓದಿರುತ್ತೀರಿ. 1966ರಲ್ಲಿ ಮನೋವಿಜ್ಞಾನಿ ರಾಕ್ಮನ್ ಕೆಲವೇ ಪುರುಷರ ಮೇಲೆ ಅಂಥದೇ ಪ್ರಯೋಗ ಮಾಡಿದರು. ಬೂಟಿನ ಚಿತ್ರದ ಬೆನ್ನಿಗೇ ನಗ್ನ ಚಿತ್ರ ತೋರಿಸುತ್ತಾ ಹೋದಾಗ, ಕೊನೆಗೆ ಬರೀ ಬೂಟಿಗೂ ದೇಹ ಸ್ಪಂದಿಸತೊಡಗಿತು. ಬೂಟನ್ನಷ್ಟೇ ಮತ್ತೆ ಮತ್ತೆ ತೋರಿಸಿದಾಗ ಆ ಸ್ಪಂದನೆ ಮಾಸಿತು. ಹಾಗಾದರೆ ನಿಜಜೀವನದಲ್ಲಿ ಇದು ವರ್ಷಗಟ್ಟಲೆ ಉಳಿಯುವುದೇಕೆ? ಕಲಿಕೆಯೊಂದೇ ಅದಕ್ಕೆ ಪೂರ್ತಿ ಉತ್ತರ ಕೊಡುವುದಿಲ್ಲ.

ಹಾಗಾದರೆ ಕಾಯಿಲೆ ಎನ್ನುವುದು ಯಾವಾಗ?

ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿ ಇಲ್ಲಿ ಸ್ಪಷ್ಟ ಗೆರೆ ಎಳೆಯುತ್ತದೆ. ಆಸಕ್ತಿ ಇದ್ದರೆ ಸಾಲದು. ಅದು ಕನಿಷ್ಠ 6 ತಿಂಗಳು ತೀವ್ರವಾಗಿದ್ದು, ಆ ವ್ಯಕ್ತಿಗೆ ತೀರಾ ಯಾತನೆ ಕೊಡುತ್ತಿರಬೇಕು, ಇಲ್ಲವೇ ಕೆಲಸ, ಸಂಸಾರ, ಸ್ನೇಹವನ್ನು ಕೆಡಿಸುತ್ತಿರಬೇಕು. ಆಗ ಮಾತ್ರ ಅದು ಚಿಕಿತ್ಸೆ ಬೇಕಾದ ಸಮಸ್ಯೆ. ವಿಶ್ವ ಆರೋಗ್ಯ ಸಂಸ್ಥೆಯಂತೂ 2022ರಿಂದ ಜಾರಿಗೆ ಬಂದ ತನ್ನ ರೋಗಗಳ ಪಟ್ಟಿಯಲ್ಲಿ ಫೆಟಿಶ್ ಅನ್ನು ಪ್ರತ್ಯೇಕ ಕಾಯಿಲೆಯಾಗಿ ಉಳಿಸಿಕೊಂಡಿಲ್ಲ.

ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆ ಕೂಡ, ಊರಿನ ನೈತಿಕ ಅಥವಾ ಧಾರ್ಮಿಕ ಕಟ್ಟುಪಾಡಿಗೆ ಹೊಂದುವುದಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮನೋರೋಗಿ ಎಂದು ನಿರ್ಧರಿಸುವಂತಿಲ್ಲ ಎನ್ನುತ್ತದೆ.

ಅಪರಾಧದ ಗೆರೆ ಎಲ್ಲಿದೆ?

ಇನ್ನೊಬ್ಬರ ಒಪ್ಪಿಗೆ ಇಲ್ಲದಲ್ಲಿ. ಬೇರೆಯವರ ಬಟ್ಟೆ ಎತ್ತಿಕೊಂಡು ಹೋದರೆ ಕಳ್ಳತನ. ಮಹಿಳೆ ಬಟ್ಟೆ ಬದಲಿಸುವುದನ್ನು ಕದ್ದು ನೋಡುವುದು, ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಅಡಿ, ಬೆನ್ನುಹತ್ತಿ ಕಾಡುವುದು 78ನೇ ಸೆಕ್ಷನ್ ಅಡಿ ಅಪರಾಧ. ‘ನನಗೆ ಫೆಟಿಶ್ ಇದೆ’ ಎಂಬುದು ಇದಕ್ಕೆ ರಿಯಾಯಿತಿ ಅಲ್ಲ. ಹಾಗೆಯೇ ಇಬ್ಬರು ವಯಸ್ಕರು ಒಪ್ಪಿ, ತಮ್ಮ ಕೋಣೆಯಲ್ಲಿ ರೇಷ್ಮೆಯನ್ನೋ ಚರ್ಮದ ಉಡುಪನ್ನೋ ಇಷ್ಟಪಟ್ಟರೆ ಅದರಿಂದ ಬೀದಿಗೆ ಯಾವ ಅಪಾಯವೂ ಇಲ್ಲ.

ಮತ್ತೆ ಮತ್ತೆ ಕೇಳುವ ಮೂರು ಮಾತುಗಳು

*ಮದುವೆ ಮಾಡಿದರೆ ಸರಿಹೋಗುತ್ತದೆ.* ತಪ್ಪು. ಮದುವೆ ಚಿಕಿತ್ಸೆಯಲ್ಲ. ಏನೂ ಗೊತ್ತಿಲ್ಲದೆ ಬಂದ ಸಂಗಾತಿಯ ತಲೆಗೆ ಭಾರ ಕಟ್ಟಿದಂತಾಗುತ್ತದೆ, ಅಷ್ಟೆ.

*ಹೆಣ್ಣುಡುಗೆ ತೊಡುವ ಟ್ರಾನ್ಸ್ ಮಹಿಳೆಯರದ್ದೂ ಇದೇ.* ತಪ್ಪು. ಅದು ತಾನು ಯಾರು ಎಂಬ ಲಿಂಗ ಗುರುತಿನ ವಿಷಯ. ಫೆಟಿಶ್ ಅಲ್ಲ.

*ಗುಪ್ತರೋಗ ತಜ್ಞರ ಪುಡಿ ತಿಂದರೆ ಬಿಡುತ್ತದೆ.* ಇಂಥ ಆಸಕ್ತಿಯನ್ನು ಅಳಿಸಿಹಾಕುವ ಪುಡಿಯಾಗಲಿ ಲೇಹ್ಯವಾಗಲಿ ಇಲ್ಲ. ಯಾತನೆ ಇದ್ದವರಿಗೆ ಆಪ್ತಸಮಾಲೋಚನೆ ಮತ್ತು ಮನೋಚಿಕಿತ್ಸೆ ನೆರವಾಗುತ್ತವೆ. ಅಗತ್ಯವಿದ್ದರೆ ಮನೋವೈದ್ಯರು ಔಷಧ ಕೊಡುತ್ತಾರೆ.

ನಿಮ್ಮ ಮನೆಯ ವಿಷಯವಾದರೆ

ಸಂಗಾತಿ ಇದನ್ನು ಹೇಳಿಕೊಂಡರೆ ಗೇಲಿ ಮಾಡಬೇಡಿ, ನೆಂಟರ ಮುಂದೆ ಎಳೆಯಬೇಡಿ. ಆದರೆ ನಿಮಗೆ ಒಗ್ಗದಿದ್ದರೆ ‘ಬೇಡ’ ಎನ್ನುವ ಹಕ್ಕು ನಿಮಗೆ ಪೂರ್ತಿ ಇದೆ. ಒತ್ತಾಯಕ್ಕೆ ಮಣಿಯಬೇಕಿಲ್ಲ.

ಆರೋಗ್ಯದ ಎಚ್ಚರಿಕೆಯೂ ಬೇಕು. ನೈಸರ್ಗಿಕ ರಬ್ಬರಿನ ಲ್ಯಾಟೆಕ್ಸ್ ಕೆಲವರಿಗೆ ಅಲರ್ಜಿ ಉಂಟುಮಾಡುತ್ತದೆ, ಅಪರೂಪಕ್ಕೆ ಜೀವಕ್ಕೇ ಕುತ್ತು ತರುತ್ತದೆ. ಮೂಗು, ಬಾಯಿ, ಕುತ್ತಿಗೆಯನ್ನು ಬಿಗಿಯುವ ಯಾವುದನ್ನೂ ಬಳಸಬೇಡಿ. ಕೆಲವೇ ನಿಮಿಷಗಳಲ್ಲಿ ಸಾವು ಬರಬಹುದು.

ಮನಸ್ಸು ಕೊರೆಯುತ್ತಿದ್ದರೆ, ಕೈ ಹತೋಟಿ ತಪ್ಪುತ್ತದೆ ಎನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಚಿಕಿತ್ಸೆಯ ವಿಷಯ ಗೋಪ್ಯವಾಗಿಡಬೇಕೆಂದು ಕಾನೂನೇ ಹೇಳುತ್ತದೆ. ಈ ಗುಟ್ಟು ಹಿಡಿದು ಆನ್‌ಲೈನ್‌ನಲ್ಲಿ ಯಾರಾದರೂ ಹಣ ಕೇಳುತ್ತಿದ್ದರೆ ಕೊಡಬೇಡಿ. ಸಂದೇಶಗಳನ್ನು ಅಳಿಸದೆ ಸೈಬರ್ ಸಹಾಯವಾಣಿ 1930ಕ್ಕೆ ತಿಳಿಸಿ.

ಫಾರ್ವರ್ಡ್ ಮಾಡುವ ಮುನ್ನ

ಕಳ್ಳತನದ ವಿಡಿಯೊ ನಿಮ್ಮ ಬೀದಿಯದ್ದಾಗಿದ್ದರೆ ಅದನ್ನು ಪೊಲೀಸರಿಗೆ ಕೊಡಿ, ಗುಂಪಿಗೆ ಬೇಡ. ಮುಖ ಹೋಲುವ ಇನ್ಯಾರೋ ಏಟು ತಿನ್ನಬಹುದು. ಅದೇ ಗುಂಪಿನಲ್ಲಿ ಯಾರಿಗೂ ಹೇಳಿಕೊಳ್ಳಲಾಗದೆ ಒದ್ದಾಡುತ್ತಿರುವ ಒಬ್ಬರಿರಬಹುದು. ‘ಸೈಕೋ’ ಎಂಬ ಪದ ಓದಿದ ಮೇಲೆ ಅವರು ವೈದ್ಯರ ಬಾಗಿಲು ತಟ್ಟುವುದು ಇನ್ನಷ್ಟು ಕಷ್ಟ.