ಗುಡ್ಡದ ನೀರು ಮನೆಗೆ ಇಳಿಯುವ ದಾರಿ

ಮಲೆನಾಡಿನ ಎಷ್ಟೋ ಮನೆಗಳಲ್ಲಿ ನೀರನ್ನು ಸೇದಿ ತರುವ ಕಷ್ಟವಿರಲಿಲ್ಲ. ಗುಡ್ಡದ ಒರತೆಯಿಂದ ಅದು ತಾನೇ ಅಂಗಳಕ್ಕೆ ಇಳಿದು ಬರುತ್ತಿತ್ತು. ಅಡಿಕೆಮರವನ್ನು ಸೀಳಿ, ಒಳತಿರುಳನ್ನು ತೆಗೆದು, ಕವಲುಗೋಲುಗಳ ಮೇಲೆ ಸಾಲಾಗಿ ಹೊಂದಿಸಿದ ದಂಬೆಗಳೇ ಅದರ ದಾರಿ. ಇಂದು ದಂಬೆಯ ಜಾಗಕ್ಕೆ ಕಪ್ಪು ಪಾಲಿಥೀನ್ ಕೊಳವೆ ಬಂದಿದೆ. ಸಾಧನ ಬದಲಾದರೂ ತತ್ತ್ವ ಬದಲಾಗಿಲ್ಲ. ನೀರನ್ನು ತರುವುದು ಕೊಳವೆಯಲ್ಲ, ಇಳಿಜಾರು.

ಕೆಮ್ಮಣ್ಣುಗುಂಡಿಯ ಕೆಳಗೆ ಎರಡು ಹಂತಗಳಲ್ಲಿ 168 ಮೀಟರ್ ಧುಮುಕುವ ಹೆಬ್ಬೆ ಜಲಪಾತವನ್ನು ಕಂಡವರಿಗೆ ಇಳಿಜಾರಿನ ಶಕ್ತಿಯನ್ನು ವಿವರಿಸಬೇಕಾಗಿಲ್ಲ. ನಿಂತ ನೀರಿನ ಎತ್ತರ 10 ಮೀಟರ್ ಹೆಚ್ಚಿದಂತೆಲ್ಲ ಕೊಳವೆಯೊಳಗೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಒತ್ತಡ ಕೂಡುತ್ತದೆ. ಮಳೆಗಾಲದಲ್ಲಿ ವಿದ್ಯುತ್ತು ಹೋದರೂ ಈ ನೀರು ನಿಲ್ಲದು.

ಇದೇ ತತ್ತ್ವವನ್ನು ದೂರದ ಕೆನಡಾ ಹಾಗೂ ಅಮೆರಿಕದ ವರ್ಮಾಂಟ್ ಪ್ರಾಂತದ ರೈತರೂ ನಂಬಿದ್ದಾರೆ. ಅಲ್ಲಿ ಮೇಪಲ್ ಮರದ ಸಿಹಿರಸವನ್ನು ಕಾಸಿ ಪಾಕ ಮಾಡುತ್ತಾರೆ. 1 ಲೀಟರ್ ಪಾಕಕ್ಕೆ ಸುಮಾರು 40 ಲೀಟರ್ ರಸ ಬೇಕು. ಹಿಂದೆ ಮರಮರಕ್ಕೂ ಬಕೆಟ್ಟು ತೂಗುಹಾಕಿ ಹೊರುತ್ತಿದ್ದವರು, ಕಳೆದ ಶತಮಾನದ ಉತ್ತರಾರ್ಧದಿಂದ ಪ್ಲಾಸ್ಟಿಕ್ ಕೊಳವೆಗಳಲ್ಲಿ ರಸವನ್ನು ಇಳಿಸಿಕೊಳ್ಳುತ್ತಿದ್ದಾರೆ. ಕೊಳವೆ ನೇರವಾಗಿರಬೇಕು, ಬಿಗಿಯಾಗಿರಬೇಕು, ಸದಾ ಇಳಿಮುಖವಾಗಿರಬೇಕು ಎಂಬುದು ಅವರ ಸೂತ್ರ. ಅದಕ್ಕಾಗಿ ಮೊದಲು ಉಕ್ಕಿನ ತಂತಿಯನ್ನು ಬಿಗಿದು, ಮುಖ್ಯ ಕೊಳವೆಯನ್ನು ಅದಕ್ಕೆ ಕಟ್ಟುತ್ತಾರೆ.

ನಮ್ಮವರು ಇದರಿಂದ ಕಲಿಯಬೇಕಾದುದು ಉಂಟು. ಕೊಳವೆ ಉಬ್ಬಿದಲ್ಲಿ ಗಾಳಿ ಸಿಕ್ಕಿಕೊಂಡು ಹರಿವನ್ನು ತಡೆಯುತ್ತದೆ. ಜೋತುಬಿದ್ದಲ್ಲಿ ಹೂಳು ಕೂರುತ್ತದೆ. ಆದಕಾರಣ ಕೊಳವೆ ಕೊಳ್ಳುವ ಮೊದಲೇ ದಾರಿಯ ಮಟ್ಟವನ್ನು ಅಳೆಯಬೇಕು. ಉಬ್ಬು ಅನಿವಾರ್ಯವಾದರೆ ಅದರ ನೆತ್ತಿಯಲ್ಲಿ ಗಾಳಿ ಬಿಡುವ ಕಿಂಡಿಯನ್ನೂ, ತಗ್ಗಿನಲ್ಲಿ ಹೂಳು ಹೊರಹಾಕುವ ನಲ್ಲಿಯನ್ನೂ ಇಡಬೇಕು. ಹಳ್ಳ ದಾಟುವೆಡೆ ಎರಡು ಗಟ್ಟಿ ಕಂಬಗಳ ನಡುವೆ ತಂತಿ ಬಿಗಿದು, ಭಾರವನ್ನು ತಂತಿಗೆ ಹೊರಿಸಬೇಕೇ ಹೊರತು ಕೊಳವೆಗಲ್ಲ. ನೆಲದ ಮೇಲೆ ಹಾಸಿದ ಕೊಳವೆಯನ್ನಾದರೋ ಎಳೆದು ಬಿಗಿಯಬಾರದು. ಬಿಸಿಲಿನ ತಾಪ 20 ಡಿಗ್ರಿ ಏರಿದರೆ 100 ಮೀಟರ್ ಕೊಳವೆ ಒಂದು ಅಡಿಯಷ್ಟು ಹಿಗ್ಗುತ್ತದೆ, ರಾತ್ರಿ ಮತ್ತೆ ಕುಗ್ಗುತ್ತದೆ. ಬಿಗಿದಿದ್ದರೆ ಜೋಡಣೆ ಕಿತ್ತುಬರುತ್ತದೆ. ಜೀವಂತ ಮರಕ್ಕೆ ತಂತಿ ಸುತ್ತುವುದೂ ತರವಲ್ಲ. ಮರ ದಪ್ಪವಾದಂತೆ ತಂತಿ ತೊಗಟೆಯನ್ನು ಕೊರೆಯುತ್ತದೆ.

ಇನ್ನು ನೀರಿನ ಪಾಲಿನ ವಿಚಾರ. ಒರತೆಯನ್ನು ಮಳೆಗಾಲದಲ್ಲಲ್ಲ, ಏಪ್ರಿಲ್ ತಿಂಗಳಲ್ಲಿ ಅಳೆಯಬೇಕು. 10 ಸೆಕೆಂಡಿಗೆ 1 ಲೀಟರ್ ತುಂಬುವ ಸಣ್ಣ ಧಾರೆಯೂ ದಿನಕ್ಕೆ 8,640 ಲೀಟರ್ ಆಗುತ್ತದೆ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಗ್ರಾಮೀಣರಿಗೆ ಗೊತ್ತುಪಡಿಸಿದ ಪ್ರಮಾಣ ತಲೆಗೆ ದಿನಕ್ಕೆ 55 ಲೀಟರ್. ಐವರಿರುವ ಮನೆಗೆ 275 ಲೀಟರ್ ಸಾಕೆಂದಾಯಿತು. ಉಳಿದುದು ಯಾರದು? ಕೆಳಗಿನ ಮನೆಯವರದು, ದನಕರುಗಳದು, ಕಾಡಿನ ಪ್ರಾಣಿಗಳದು. ದಂಬೆಯ ಕಾಲದಲ್ಲಿ ಮರಿಗೆ ತುಂಬಿ ಚೆಲ್ಲಿದ ನೀರು ಕಣ್ಣಿಗೆ ಬೀಳುತ್ತಿತ್ತು. ಕೊಳವೆಯ ಕಾಲದಲ್ಲಿ ಇಡೀ ಒರತೆಯನ್ನೇ ಸದ್ದಿಲ್ಲದೆ ಕಟ್ಟಿಕೊಂಡು ಬರುವುದು ಸುಲಭವಾಗಿದೆ. ಆದ್ದರಿಂದ ಒರತೆಯ ಬಾಯಲ್ಲಿ ಕೊಳವೆಯನ್ನು ತಳಮಟ್ಟಕ್ಕಿಡದೆ, ಒಂದಿಷ್ಟು ನೀರು ಸದಾ ಹಳ್ಳಕ್ಕೆ ಹರಿಯುವಂತೆ ಕಟ್ಟೆಯಲ್ಲಿ ಕಂಡಿ ಬಿಡಬೇಕು. ಮನೆಯ ತೊಟ್ಟಿ ತುಂಬಿದೊಡನೆ ತಾನೇ ಮುಚ್ಚಿಕೊಳ್ಳುವ ತೇಲುನಲ್ಲಿಯನ್ನು ಹಾಕಬೇಕು.

ಭದ್ರಾ ಅರಣ್ಯವು 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ಅಭಯಾರಣ್ಯದ ನೀರಿನ ಹರಿವನ್ನು ಪರವಾನಗಿಯಿಲ್ಲದೆ ತಿರುಗಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸಿದೆ ಎಂಬುದನ್ನೂ ಅಂಚಿನ ಊರಿನವರು ನೆನಪಿಡಬೇಕು.

ಕೊಳವೆ ಹಾಕಿದಲ್ಲಿಗೆ ಕೆಲಸ ಮುಗಿಯಲಿಲ್ಲ. ಗಾಳಿಮಳೆಯ ಮರುದಿನ ಅದರ ಉದ್ದಕ್ಕೂ ನಡೆದು, ಬಿದ್ದ ಕೊಂಬೆಯನ್ನು ಸರಿಸಿ, ಜಾಲರಿಯ ಎಲೆಯನ್ನು ತೆಗೆಯಬೇಕು. ಆ ನಡಿಗೆಗೆ ಮನೆಯ ಮಕ್ಕಳನ್ನೂ ಕರೆದೊಯ್ಯಿರೆಂದು ಓದುಗ ಬಂಧುಗಳಲ್ಲಿ ನಮ್ಮ ಕೋರಿಕೆ. ನಲ್ಲಿಯ ನೀರು ಎಲ್ಲಿಂದ ಬರುತ್ತದೆಂದು ಕಣ್ಣಾರೆ ಕಂಡ ಮಗು ಅದನ್ನು ಪೋಲು ಮಾಡಲು ಹಿಂಜರಿಯುತ್ತದೆ.